ಉಳಿ ಹಿಡಿದ ಕೈ

ಜಾವಗಲ್ಲಿನ ಸಿದ್ದರಾಜುವಿನ ಬಲಗೈ ಮುರಿದವನು ನಾನು. ಇದೇನೂ ಗುಟ್ಟಲ್ಲ — ಅರಸೀಕೆರೆಯಿಂದ ಹಳೇಬೀಡಿನವರೆಗೆ ಗಾರೆ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ಪ್ಲಾಸ್ಟರ್ ಕೆಡಿಸಿದ ಅಂತ ಮಲ್ಲೇಶ ಮೇಸ್ತ್ರಿಗೆ ಸಿಟ್ಟು ಬಂತು, ಅಟ್ಟಣೆಗೆ ಕಟ್ಟುವ ಸರ್ವೆ ಗಳದ ತುಂಡು ತಗೊಂಡು ಬಾರಿಸಿದ, ಏಟು ಸ್ವಲ್ಪ ಜೋರಾಗಿ ಬಿತ್ತು — ಹೀಗಂತ ಊರೆಲ್ಲ ಹೇಳುತ್ತದೆ. ಒಂಬತ್ತು ವರ್ಷದಿಂದ ನಾನೂ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಇದರಲ್ಲಿ ಎರಡು ಸುಳ್ಳುಗಳಿವೆ. ಅವನು ಪ್ಲಾಸ್ಟರ್ ಕೆಡಿಸಿರಲಿಲ್ಲ. ನನಗೆ ಸಿಟ್ಟೂ ಬಂದಿರಲಿಲ್ಲ.

ಸಿಟ್ಟು ಅಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ತಾಲ್ಲೂಕಿನಲ್ಲಿ ಕಡಿಮೆ. ಬಾಣಾವರದಲ್ಲಿ ಸೆಂಟ್ರಿಂಗ್ ಹಲಗೆ ಸರಿಯಾಗಿ ಬಿಗಿಯದವನ ಎರಡು ಹಲ್ಲು ಉದುರಿಸಿದ್ದೇನೆ. ಜರಡಿ ಹಿಡಿಯದ ಮರಳು ತಂದ ಹೆಣ್ಣಾಳಿನ ಕೈಯಿಂದ ಬಾಂಡ್ಲಿ ಕಿತ್ತು ರಸ್ತೆಗೆ ಎಸೆದಿದ್ದೇನೆ. ಮನೆಯಲ್ಲಿ ತಟ್ಟೆ ಹಾರಿದ ದಿನಗಳೂ ಇವೆ — ಹೆಂಡತಿ ಅದನ್ನು ಎತ್ತಿಕೊಂಡು ತೊಳೆದಿಟ್ಟ ದಿನಗಳು. ಸಿಟ್ಟು ಬಂದರೆ ನನಗೆ ಕಿವಿ ಬಿಸಿಯಾಗುತ್ತದೆ, ಬೆರಳು ನಡುಗುತ್ತವೆ, ಏನು ಹೇಳಿದೆನೆಂದು ಆಮೇಲೆ ನೆನಪಿರುವುದಿಲ್ಲ. ಅವತ್ತು ಕಿವಿ ಬಿಸಿಯಾಗಲಿಲ್ಲ. ಬೆರಳು ನಡುಗಲಿಲ್ಲ. ಆಡಿದ ಒಂದೊಂದು ಮಾತೂ ನೆನಪಿದೆ.

ಸಿದ್ದರಾಜು ನನಗಿಂತ ಆರು ವರ್ಷ ಚಿಕ್ಕವನು. ನಾನು ಗೋಡೆ ಕಟ್ಟುವವನು, ಅವನು ಅದರ ಮೇಲೆ ಪ್ಲಾಸ್ಟರ್ ಮಾಡುವವನು. ಹನ್ನೊಂದು ವರ್ಷ ಹೀಗೆ ಒಟ್ಟಿಗೆ ದುಡಿದೆವು. ನನ್ನ ಗೋಡೆ ಎಲ್ಲಾದರೂ ಒಂದು ಬೆರಳು ವಾಲಿದ್ದರೆ ಅವನು ಗಾರೆಯಲ್ಲೇ ಸರಿ ಮಾಡಿ, ಮನೆಯವರ ಕಿವಿಗೆ ಹಾಕದೆ, ನನ್ನ ಕಡೆ ನೋಡಿ ನಗುತ್ತಿದ್ದ. "ಏನಣ್ಣ, ನಿನ್ ತೂಗುಗುಂಡು ಕಳ್ ಕುಡಿದ್ ಬಂದಿತ್ತಾ?" ಅನ್ನುತ್ತಿದ್ದ. ನನ್ನನ್ನು ಹಾಗೆ ರೇಗಿಸಿ ಏಟು ತಿನ್ನದೆ ಉಳಿದವನು ಅವನೊಬ್ಬನೇ. ಅವನ ಕೈಯಾಡಿದ ಗೋಡೆಯ ಮೇಲೆ ಬೆಳಗಿನ ಬಿಸಿಲು ಅಡ್ಡ ಬಿದ್ದರೂ ಒಂದು ಉಬ್ಬು ಕಾಣುತ್ತಿರಲಿಲ್ಲ.

ಆ ಮನೆ ಅರಸೀಕೆರೆಯ ಹೊರವಲಯದ ಹೊಸ ಬಡಾವಣೆಯಲ್ಲಿತ್ತು. ಕಟ್ಟಿಸುತ್ತಿದ್ದವರು ಹೈಸ್ಕೂಲ್ ಟೀಚರ್ ಒಬ್ಬರು — ಹೆಸರು ಬೇಡ, ಮೇಡಂ ಅಂತಲೇ ಬರೆಯುತ್ತೇನೆ. ಕಂಬ, ತೊಲೆ ಎದ್ದ ಮೇಲೆ ಅವರು, "ಗೋಡೆಗೆ ಬಿಳಿ ಬ್ಲಾಕ್ ಹಾಕಿ ಮಲ್ಲೇಶಪ್ಪ, ಮನೆ ತಂಪಾಗಿರುತ್ತಂತೆ" ಅಂದರು. ಬಿಳಿ ಬ್ಲಾಕ್ ಅಂದರೆ ಹಗುರದ ಬ್ಲಾಕು. ಬನ್ನಿನ ಹಾಗೆ ಒಳಗೆಲ್ಲ ಗಾಳಿ. ನಾನು ಅಲ್ಲಿವರೆಗೆ ಅದನ್ನು ಕೈಯಲ್ಲಿ ಮುಟ್ಟಿದವನಲ್ಲ. ಮುಟ್ಟಿಲ್ಲ ಅಂತ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಲಾರಿಯಲ್ಲಿ ಬ್ಲಾಕು ಇಳಿಸಿದವನು ಹೊರಡುವಾಗ ಒಂದು ಮಾತು ಹೇಳಿದ. "ಇದನ್ನ ಇಟ್ಟಿಗೆ ತರ ನೆನೆಸ್ಬೇಡಿ ಯಜಮಾನ್ರೇ. ಕಟ್ಟೋ ಮುಂಚೆ ಒಂಚೂರು ನೀರು ಚಿಮುಕ್ಸಿ, ಸಾಕು." ನಾನು ನಕ್ಕುಬಿಟ್ಟೆ. ಸುಟ್ಟ ಇಟ್ಟಿಗೆಯನ್ನು ರಾತ್ರಿಯೆಲ್ಲ ನೆನೆಹಾಕಿ ಕಟ್ಟುವುದು ನಮ್ಮಪ್ಪ ನನಗೆ ಹೊಡೆದು ಕಲಿಸಿದ ಪಾಠ. ಒಣ ಇಟ್ಟಿಗೆ ಇಟ್ಟರೆ ಗಾರೆಯಲ್ಲಿರುವ ನೀರನ್ನೆಲ್ಲ ಅದು ಎಳೆದುಕೊಂಡುಬಿಡುತ್ತದೆ ಅಂತ, ಒಂದು ಒಣ ಇಟ್ಟಿಗೆಗೆ ಒಂದು ಬಾಸುಂಡೆಯಂತೆ ಕಲಿಸಿದ್ದ. ಲಾರಿಯವನಿಂದ ನಾನು ಇಟ್ಟಿಗೆ ಪಾಠ ಕೇಳಬೇಕೆ — ತೊಟ್ಟಿ ತುಂಬಿಸಿ ಬ್ಲಾಕುಗಳನ್ನು ಹಾಕಿಸಿದೆ. ಹಾಳಾದವು ತೇಲಿದವು! ಆಳುಗಳು ಕಿಸಕ್ಕೆಂದರು. ನನಗೆ ರೇಗಿತು. ಅವುಗಳ ಮೇಲೆ ಸೈಜುಗಲ್ಲು ಹೇರಿಸಿ, ಮುಳುಗಿಸಿ, ಒಂದು ಹಗಲು ಒಂದು ರಾತ್ರಿ ನೆನೆಸಿ, ಭಾರ ಆದ ಮೇಲೆ ಗೋಡೆಗೆ ಏರಿಸಿದೆ. ಆ ಗೋಡೆಯ ಕತೆ ಅಲ್ಲೇ ಮುಗಿದಿತ್ತು.

ನೀರು ಕುಡಿದ ಆ ಬ್ಲಾಕು ಗೋಡೆಯಲ್ಲಿ ಕೂತು ನಿಧಾನವಾಗಿ ಒಣಗುತ್ತದೆ. ಒಣಗುತ್ತ ಕುಗ್ಗುತ್ತದೆ. ಎರಡು ಕಂಬಗಳ ನಡುವೆ ಸಿಕ್ಕಿಕೊಂಡ ಗೋಡೆ ಕುಗ್ಗಿದರೆ ಎಲ್ಲಿಗೆ ಹೋಗಬೇಕು — ಹರಿದುಕೊಳ್ಳುತ್ತದೆ. ಇದನ್ನು ಇವತ್ತು ನಾನು ನಾಲ್ಕು ಜನರಿಗೆ ಪಾಠ ಹೇಳುತ್ತೇನೆ. ಅವತ್ತು ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ ಅಂತ ಯಾರಾದರೂ ಹೇಳಬಹುದು. ಆದರೆ ಒಬ್ಬ ಹೇಳಿದ್ದನಲ್ಲ — ಇಬ್ಬರು ಹೇಳಿದ್ದರು.

ಎರಡನೆಯವನು ಸಿದ್ದರಾಜು. ಪ್ಲಾಸ್ಟರಿಗೆ ಬಂದವನು ಮೊದಲು ಗೋಡೆಗೆ ಅಂಗೈ ಒತ್ತಿ ನಿಂತ. "ಅಣ್ಣ, ಗ್ವಾಡೆ ಇನ್ನೂ ತಣ್ಗೈತೆ. ಒಳಗೆ ನೀರೈತೆ ಇದ್ರಲ್ಲಿ. ಒಂದ್ ತಿಂಗ್ಳು ಬುಡು, ಮೈ ಒಣಗ್ಲಿ" ಅಂದ. ಮೇಡಂ ಗೃಹಪ್ರವೇಶದ ದಿನ ಗೊತ್ತು ಮಾಡಿಯಾಗಿತ್ತು. "ನಿನ್ ಕೆಲ್ಸ ನೀನ್ ನೋಡ್ಕಳ್ಲಾ" ಅಂದೆ. ಅವನು ಕರಣೆ ಎತ್ತಿಕೊಂಡ. ಹೊರಗಡೆ ಮೊದಲು ಮಾಡಿ ಮುಗಿಸಿದ. ಕಂಬವೂ ಬ್ಲಾಕೂ ಸೇರುವ ಜಾಗಕ್ಕೆಲ್ಲ ತಾನೇ ತಂತಿ ಜಾಲರಿ ತಂದು ಹೊಡೆದ. ತೆಳ್ಳಗೆ ಎರಡು ಸಲ ಎಳೆದ. ಅಷ್ಟು ಚಂದದ ಕೆಲಸವನ್ನು ಅವನು ಅದಕ್ಕೆ ಮುಂಚೆಯೂ ಮಾಡಿರಲಿಲ್ಲ.

ಏಳು ವಾರಕ್ಕೆ ಬಿರುಕು ಬಿಟ್ಟಿತು. ಮೇಡಂ ಫೋನ್ ಮಾಡಿ, "ಹತ್ತು ಗಂಟೆಗೆ ಬನ್ನಿ, ಸಿದ್ದರಾಜುಗೂ ಹೇಳಿದ್ದೀನಿ" ಅಂದರು. ನಾನು ಎಂಟಕ್ಕೇ ಹೋದೆ. ಕಿಟಕಿಯ ಮೇಲಿನ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ತೊಲೆಯವರೆಗೆ ಹೊರಗೋಡೆಯ ಮೇಲೆ ಬಿರುಕು ಹತ್ತಿತ್ತು. ಒಳಗೆ ಹೋದೆ. ಕರೆಂಟಿನ ಪೈಪು ಕೂರಿಸುವವರು ಬಾರದೆ ಒಳಗಡೆ ಇನ್ನೂ ಪ್ಲಾಸ್ಟರ್ ಆಗಿರಲಿಲ್ಲ, ಬರಿ ಬ್ಲಾಕು. ಅಲ್ಲೂ ಅದೇ ಜಾಗ, ಅದೇ ಮೆಟ್ಟಿಲು, ಬೆಂಕಿಕಡ್ಡಿ ತೂರುವಷ್ಟು.

ನಮ್ಮ ಕಸುಬಿನಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಬಿರುಕು ಒಂದೇ ಕಡೆ ಇದ್ದರೆ ಪ್ಲಾಸ್ಟರಿನದು. ಎರಡೂ ಕಡೆ ಅದೇ ಜಾಗದಲ್ಲಿದ್ದರೆ ಗೋಡೆಯದು. ಸಿದ್ದರಾಜು ಬಂದವನೇ ಒಳಗೆ ಹೋಗಿ ನೋಡುತ್ತಾನೆ, ಆಚೆ ಬಂದು ಮೇಡಂ ಮುಂದೆ ನಿಜ ಹೇಳುತ್ತಾನೆ — ಗೊತ್ತಿತ್ತು. ಲಾರಿಯವನ ಮಾತು, ತೊಟ್ಟಿಯಲ್ಲಿ ತೇಲಿದ ಬ್ಲಾಕು, ಕಿಸಕ್ಕೆಂದ ಆಳುಗಳು, ಎಲ್ಲ ಹೊರಗೆ ಬರುತ್ತದೆ. ಇಪ್ಪತ್ತು ವರ್ಷದಿಂದ ಮೇಸ್ತ್ರಿ ನಾನು. ನನ್ನ ಹೆಸರು —

ಒಂದು ಬ್ಲಾಕಿನ ಚೂರನ್ನು ಕಲ್ಲಿನಿಂದ ಕುಟ್ಟಿ ಪುಡಿ ಮಾಡಿದೆ. ಒಂದು ಹಿಡಿ ಸಿಮೆಂಟು, ನೀರು. ಕರಣೆಯ ತುದಿಯಲ್ಲಿ ಒಳಗಿನ ಬಿರುಕಿಗೆಲ್ಲ ಆ ಪುಡಿ ತುಂಬಿದೆ. ಇನ್ನೊಂದು ಚೂರಿನಿಂದ ಉಜ್ಜಿದೆ. ಒಣಗಲಿ ಅಂತ ಕಿಟಕಿ ತೆರೆದಿಟ್ಟೆ. ಬಿರುಕು ಮುಚ್ಚುವ ಕೆಲಸದಲ್ಲಿ ಆಮೇಲೆ ನಾನು ದೊಡ್ಡ ಹೆಸರು ಮಾಡಿದೆ. ಮೊದಲು ಮುಚ್ಚಿದ್ದು ಇದನ್ನು.

ಹತ್ತು ಗಂಟೆಗೆ ಮೇಡಂ ಬಂದರು, ಸಿದ್ದರಾಜುವೂ ಬಂದ. ನಾನು ಎಣಿಸಿದ ಹಾಗೆಯೇ ಅವನು ನೇರ ಒಳಗೆ ಹೋದ. ಆಚೆ ಬಂದಾಗ ಅವನ ಮುಖದಲ್ಲಿ ರಕ್ತ ಇರಲಿಲ್ಲ. "ಒಳಗೆ ಏನೂ ಇಲ್ಲ ಕಣಣ್ಣ" ಅಂದ. ಮೇಡಂ ನನ್ನ ಕಡೆ ನೋಡಿದರು. ನಾನು, "ಮಾಲು ಕಲಸೋದ್ರಲ್ಲಿ ಎಡವಟ್ಟಾಗೈತೆ ಮೇಡಂ, ಪ್ಲಾಸ್ಟರೇ ಕೆಟ್ಟೋಗೈತೆ" ಅಂದೆ. ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವನು ಕರಣೆಯ ಹಿಡಿಯಿಂದ ಪ್ಲಾಸ್ಟರನ್ನು ತಟ್ಟುತ್ತ ಹೋದ. ಗೋಡೆ ಬಿಟ್ಟ ಪ್ಲಾಸ್ಟರಾದರೆ ಡಬ್ ಡಬ್ ಅನ್ನಬೇಕು. ಎಲ್ಲ ಕಡೆ ಟಣ್ ಟಣ್ ಅಂತಿತ್ತು. "ಗಟ್ಟಿಯಾಗೇ ಕುಂತದಲ್ಲಣ್ಣ... ಒಸಿ ಕಿತ್ತು ನೋಡನ ತಡಿ" ಅಂದವನು ಚೀಲದಿಂದ ಉಳಿ ತೆಗೆದ. ಬಲಗೈಯಲ್ಲಿ ಉಳಿ ಹಿಡಿದು ಬಿರುಕಿನ ಮೇಲೆ ಇಟ್ಟ. ಅವನು ಎಡಚ, ಸುತ್ತಿಗೆ ಎಡಗೈಯಲ್ಲಿ.

ಎರಡು ಏಟು ಹಾಕಿದ್ದರೆ ಪ್ಲಾಸ್ಟರ್ ಉದುರಿ ಸೀಳಿದ ಬ್ಲಾಕು ಕಾಣುತ್ತಿತ್ತು.

ಪಕ್ಕದಲ್ಲಿ ಸರ್ವೆ ಗಳದ ತುಂಡು ಒರಗಿತ್ತು. ಎರಡು ಕೈಯಲ್ಲಿ ಎತ್ತಿ ಉಳಿ ಹಿಡಿದ ಕೈಗೆ ಹೊಡೆದೆ. ತಲೆಗಲ್ಲ, ಬೆನ್ನಿಗಲ್ಲ — ನೋಡಿ, ಗುರಿಯಿಟ್ಟು, ಮಣಿಕಟ್ಟಿಗೆ. ಮೂಳೆಯ ಶಬ್ದ ಕೇಳಿತು. ಅವನು ಗೋಡೆಗೇ ಒರಗಿ ಕುಸಿದ. ಬಾಯಿ ತೆರೆದಿತ್ತು, ಕೂಗು ಬಂದದ್ದು ಸ್ವಲ್ಪ ತಡವಾಗಿ. ನಾನು ಮತ್ತೆ ಎತ್ತಿದೆ. ಎರಡನೆಯ ಏಟು ಯಾಕೆ ಅಂತ ಒಂಬತ್ತು ವರ್ಷದಿಂದ ನನ್ನನ್ನು ನಾನೇ ಕೇಳಿದ್ದೇನೆ. ಉತ್ತರ ಗೊತ್ತಿದೆ, ಹೇಳುತ್ತೇನೆ. ಒಂದೇ ಏಟಿಗೆ ನಿಲ್ಲಿಸಿದರೆ ಸಿಟ್ಟು ಅಂತ ಯಾರೂ ನಂಬುವುದಿಲ್ಲ. ನಂಬಿಸಲು ಹೊಡೆದೆ. ಮೊಳಕೈಗೆ ಬಿತ್ತು. ನಂಬಿಸಲು ಪಕ್ಕೆಗೆ ಒದ್ದೆ. "ಕೆಲ್ಸ ಕೆಡ್ಸಿ ಉಳಿ ಬೇರೆ ಹಿಡೀತೀಯೇನ್ಲಾ ನನ್ ಮುಂದೆ?" ಅಂತ ಕಿರುಚಿದೆ. ನಾಟಕದವರೂ ಹಾಗೆ ಕಿರುಚಲಾರರು. ಮೇಡಂ "ಬಿಡಿ, ಸತ್ತೋಗ್ತಾನೆ" ಅಂತ ನನ್ನ ಶರ್ಟು ಹಿಡಿದು ಜಗ್ಗುತ್ತಿದ್ದರು. ಹೊಸ ಪ್ಲಾಸ್ಟರಿನ ಮೇಲೆ ಅವನ ರಕ್ತ ಎರಡು ಗೇಣು ಎತ್ತರಕ್ಕೆ ಸಿಡಿದಿತ್ತು.

ಅವನನ್ನು ಆಸ್ಪತ್ರೆಗೂ ಸೇರಿಸಲಿಲ್ಲ. ಸೇರಿಸಿದರೆ ಪೊಲೀಸರು ಬರುತ್ತಾರೆ, ಪೊಲೀಸರು ಬಂದರೆ ಗೋಡೆ ನೋಡುತ್ತಾರೆ. "ಮೂಳೆ ಕಟ್ಟೋರತ್ರ ಹೋಗನ, ಬೇಗ ಕೂಡ್ಕತದೆ" ಅಂತ ಅವನನ್ನೂ ಅವನ ಮನೆಯವರನ್ನೂ ಒಪ್ಪಿಸಿದೆ. ಬೈಕಿನ ಹಿಂದೆ ಕೂರಿಸಿಕೊಂಡು ನಾನೇ ಕರೆದುಕೊಂಡು ಹೋದೆ. ಟವೆಲಿನಲ್ಲಿ ಸುತ್ತಿದ ಅವನ ಕೈ ನನ್ನ ಬೆನ್ನಿಗೂ ಅವನ ಎದೆಗೂ ನಡುವೆ ಇತ್ತು. ರಸ್ತೆಯ ಒಂದೊಂದು ಗುಂಡಿಗೂ ಅವನ ಹಣೆ ನನ್ನ ಹೆಗಲಿಗೆ ಬಡಿಯುತ್ತಿತ್ತು, ಒಂದೊಂದು ಗುಂಡಿಗೂ ಚೀರುತ್ತಿದ್ದ. ನಡುವೆ ಎಲ್ಲೋ, ಉಸಿರು ಸಿಕ್ಕಾಗ ಅಂದ: "ಎಲ್ ತಪ್ದೆ ಅಂತ ಗೊತ್ತಾಗ್ತಿಲ್ಲ ಕಣಣ್ಣ. ಸಿಮೆಂಟ್ ಜಾಸ್ತಿ ಆಯ್ತಾ?"

ನಾನು, "ಹ್ಞೂಂ, ಜಾಸ್ತಿ ಆಗಿರ್ಬೇಕು" ಅಂದೆ.

ಬಿದಿರು ದಬ್ಬೆ ಕಟ್ಟಿದರು. ನಾಲ್ಕು ಜನ ಹಿಡಿದುಕೊಂಡು ಮೂಳೆ ಎಳೆದಾಗ ಹಿಡಿದವರಲ್ಲಿ ನಾನೂ ಒಬ್ಬ. ಕೈ ಕೂಡಿಕೊಂಡಿತು — ಸೊಟ್ಟಗೆ. ಮಣಿಕಟ್ಟು ತಿರುಗುವುದಿಲ್ಲ, ಮೂರು ಬೆರಳು ಮಡಿಸುವುದಿಲ್ಲ. ಸುತ್ತಿಗೆಗೆ ಎಡಗೈ ಆದರೂ ಕರಣೆಗೆ ಅವನು ಬಲಗೈಯವನೇ. ಅವನ ಪ್ಲಾಸ್ಟರ್ ಕೆಲಸ ಅಲ್ಲಿಗೆ ನಿಂತುಹೋಯಿತು.

ಇತ್ತ ನಾನು ಆಳುಗಳನ್ನೆಲ್ಲ ಬಿಡಿಸಿ ಕಳಿಸಿ ಆ ಗೋಡೆಗೆ ಒಬ್ಬನೇ ಬಿದ್ದೆ. ಎರಡು ದಿನ ಪ್ಲಾಸ್ಟರ್ ಕಿತ್ತೆ. ಕೀಳಲು ಬಾರದು — ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಹಾರೆಯಿಂದ ಹೊಡೆದೆ, ಸುತ್ತಿಗೆಯಿಂದ ಜಜ್ಜಿದೆ, ಹಲಗೆ ಹಲಗೆಯಾಗಿ ಬ್ಲಾಕಿನ ಚರ್ಮ ಸಮೇತ ಕಿತ್ತು ಬಂತು. ಕೆಟ್ಟ ಪ್ಲಾಸ್ಟರ್ ಹಾಗೆ ಬರುವುದಿಲ್ಲ. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು. ಬೈಗುಳ ಬಾಯಿಗೆ ಬಂದಂತೆ ಬೈದೆ — ಯಾರನ್ನು ಅಂತ ಗೊತ್ತಿಲ್ಲ. ಆಮೇಲೆ ಬಿರುಕನ್ನು ಅಗಲ ಮಾಡಿ, ಧೂಳು ಊದಿ, ತೆಳು ಗಾರೆ ತುಂಬಿ, ಬಿರುಕಿನ ಎರಡೂ ಕಡೆಗೆ ಒಂದೊಂದು ಗೇಣು ಜಾಲರಿ ಹೊಡೆದು, ಗೋಡೆ ಪೂರ್ತಿ ಒಣಗುವ ತನಕ ಕಾದು ಮತ್ತೆ ಪ್ಲಾಸ್ಟರ್ ಮಾಡಿಸಿದೆ. ಗೃಹಪ್ರವೇಶವನ್ನು ಮುಂದೆ ಹಾಕಿಸಿದೆ. ಸಿದ್ದರಾಜು ಕೇಳಿದ್ದ ಒಂದು ತಿಂಗಳನ್ನು ಕೊಡದ ನಾನು ನನಗೋಸ್ಕರ ಎರಡೂವರೆ ತಿಂಗಳು ತೆಗೆದುಕೊಂಡೆ.

ಮೇಡಂ ಎಲ್ಲರ ಮುಂದೆ ಹೊಗಳಿದರು. "ಮಲ್ಲೇಶಪ್ಪಂಗೆ ಕೋಪ ಜಾಸ್ತಿ, ಆದ್ರೆ ಕೆಲಸದಲ್ಲಿ ನಿಯತ್ತಿದೆ." ಆ ಒಂದು ಗೋಡೆಯಿಂದ ನನಗೆ ದಾರಿ ತೆರೆಯಿತು. ಬೇಲೂರಿನಲ್ಲಿ ಅಂಗಡಿ ಮಳಿಗೆ, ಹಳೇಬೀಡಿನಲ್ಲಿ ಮದುವೆ ಛತ್ರ, ಬಿಕ್ಕೋಡಿನ ಕಾಫಿ ತೋಟದ ಮನೆ — ಬಿಳಿ ಬ್ಲಾಕು ಎಲ್ಲಿ ಬಿರುಕು ಬಿಟ್ಟರೂ ನನ್ನನ್ನೇ ಕರೆಯುತ್ತಾರೆ. ನಾನು ಹೋಗಿ ಒಳಗೆ ನೋಡುತ್ತೇನೆ, ಹೊರಗೆ ನೋಡುತ್ತೇನೆ, ತಟ್ಟುತ್ತೇನೆ, ದೊಡ್ಡ ಡಾಕ್ಟರ ಹಾಗೆ ತಲೆಯಾಡಿಸುತ್ತೇನೆ. "ಪ್ಲಾಸ್ಟರ್‌ನವನ ತಪ್ಪಲ್ಲ" ಅಂತ ಎಷ್ಟು ಕಡೆ ಹೇಳಿದ್ದೇನೋ. ಹೇಳಬೇಕಾದ ಒಂದು ಕಡೆ ಬಿಟ್ಟು.

ಹೀಗೆಯೇ ಇದ್ದುಬಿಡುತ್ತಿದ್ದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ನನಗೆ ರಾತ್ರಿ ನಿದ್ದೆ ಬರುತ್ತಿತ್ತು. ಅದು ಕೆಟ್ಟದ್ದು ಈ ಮಾಘದಲ್ಲಿ, ಜಾವಗಲ್ಲಿನ ಛತ್ರದ ಒಂದು ಬೀಗರೂಟದಲ್ಲಿ.

ಮಧ್ಯಾಹ್ನದ ಎರಡನೇ ಪಂಕ್ತಿ. ನಾನು ಕೂತ ಸಾಲಿನ ಕೊನೆಯಲ್ಲಿ ಸಿದ್ದರಾಜು ಗೋಡೆಯ ಕಡೆ ಮುಖ ಮಾಡಿಕೊಂಡು ಕೂತಿದ್ದ. ಮುದ್ದೆಯನ್ನು ಎಡಗೈಯಲ್ಲಿ ಮುರಿದು ಸಾರಿಗೆ ಅದ್ದುತ್ತಿದ್ದ. ಎಡಚನಾದರೂ ಅವನು ಅನ್ನವನ್ನು ಯಾವತ್ತೂ ಎಡಗೈಯಲ್ಲಿ ಮುಟ್ಟಿದವನಲ್ಲ, ಅವರವ್ವ ಬಿಟ್ಟಿರಲಿಲ್ಲ. ಬಡಿಸುತ್ತಿದ್ದ ಒಬ್ಬ ಕೊಬ್ಬಿದ ಆಸಾಮಿ, ಹೆಣ್ಣಿನ ಕಡೆಯವನು, ಜೋರಾಗಿ ಅಂದ: "ಏನ್ಲಾ ಸಿದ್ದ, ತೊಳ್ಯೋದೂ ಅದ್ರಲ್ಲೇ ತಿನ್ನೋದೂ ಅದ್ರಲ್ಲೇನಾ?" ನಾಲ್ಕು ಜನ ನಕ್ಕರು.

ಆಗ ಕಿವಿ ಬಿಸಿಯಾಯಿತು. ಎದ್ದು ಎಲೆ ತುಳಿದುಕೊಂಡು ಹೋಗಿ ಆ ಬಡಿಸುವವನ ಕುತ್ತಿಗೆ ಹಿಡಿದೆ. ಸಾರಿನ ಬಕೆಟ್ ಉರುಳಿತು. ಬಿಸಿ ಸಾರು ನನ್ನ ಕಾಲ ಮೇಲೂ ಅವನ ತೊಡೆಯ ಮೇಲೂ ಬಿತ್ತು. ಅವನ ಮುಖವನ್ನು ಕಂಬಕ್ಕೆ ಬಡಿದೆ — ಒಂದು ಸಲ, ಎರಡು ಸಲ — ಮೂಗು ಒಡೆಯಿತು. ಯಾರೋ ನನ್ನ ತಲೆಗೆ ಸೌಟಿನಿಂದ ಹೊಡೆದರು. ಬಿಡಿಸಲು ಬಂದವರಲ್ಲಿ ಮೊದಲನೆಯವನು ಸಿದ್ದರಾಜು. ಆ ಸೊಟ್ಟ ಕೈಯನ್ನು ನನ್ನ ಎದೆಗೆ ಅಡ್ಡ ಇಟ್ಟು ಎಲ್ಲರಿಗೂ ಕೇಳುವಂತೆ ಹೇಳಿದ: "ಅಣ್ಣನ್ ಬೈಬೇಡಿ ಯಾರೂವೆ. ಅಣ್ಣಂಗೆ ಸಿಟ್ಟು ಮುಂದು, ಮನ್ಸು ಒಳ್ಳೇದು. ನನ್ ಕೈ ಮುರ್ದಾಗ್ಲೂ ತಪ್ಪು ನಂದೇಯ. ಮೇಡಂ ಮನೆ ಗ್ವಾಡೆ ಹಾಳ್ ಮಾಡಿದ್ನಲ್ಲ ನಾನು."

ಛತ್ರದ ಹಿಂದೆ ಹೋಗಿ ತಿಂದದ್ದನ್ನೆಲ್ಲ ಕಾರಿಕೊಂಡೆ. ಅವನು ಚೊಂಬಿನಲ್ಲಿ ನೀರು ತಂದು ನನ್ನ ಬೆನ್ನು ನೀವಿದ. ಆಗಲೂ ಹೇಳಲಿಲ್ಲ ನಾನು. ಇನ್ನೂ ಹನ್ನೆರಡು ದಿನ ಹೇಳಲಿಲ್ಲ.

ಅವನು ಈಗ ಬಾಣಾವರ ರೈಲ್ವೆ ಸ್ಟೇಷನ್ನಿನ ಹತ್ತಿರ ಬೈಕ್ ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿದುಕೊಡುತ್ತಾನೆ. ಹದಿಮೂರನೆಯ ದಿನ ಬೆಳಿಗ್ಗೆ ಹೋದೆ. ನಿಂತುಕೊಂಡೇ ಹೇಳಿದೆ. ತೊಟ್ಟಿಯಲ್ಲಿ ನೆನೆಸಿದ್ದು, ಒಳಗಿನ ಬಿರುಕಿಗೆ ಪುಡಿ ತುಂಬಿದ್ದು, ಉಳಿಗೆ ಹೆದರಿ ಹೊಡೆದದ್ದು, ಸಿಟ್ಟು ಬಂದಿರಲಿಲ್ಲ ಅನ್ನುವುದು, ಆಸ್ಪತ್ರೆಗೆ ಯಾಕೆ ಸೇರಿಸಲಿಲ್ಲ ಅನ್ನುವುದು. ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆಯಲಿ ಅಂತಲೇ ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದೆ. ಅವನು ಕೈಯಿಂದ ಶುರು ಮಾಡಲಿಲ್ಲ. ಕೈಯ ಮಾತೇ ಎತ್ತಲಿಲ್ಲ.

"ಹಂಗಾರೆ ನನ್ ಪ್ಲಾಸ್ಟರು?" ಅಂದ.

"ಚೆನ್ನಾಗಿತ್ತು ಕಣೋ" ಅಂದೆ. "ಕೀಳಕ್ ಬರ್ಲಿಲ್ಲ. ಎರಡ್ ದಿನ ಹಾರೇಲಿ ಹೊಡ್ದೆ."

ಅವನು ಚೀಟಿ ಪುಸ್ತಕವನ್ನು ಒಂದು ಬೈಕಿನ ಸೀಟಿನ ಮೇಲೆ ಇಟ್ಟ. "ಹೋದ್ ವರ್ಷ ನಮ್ಮನೆ ಮೆಟ್ಲು ಒಡೀತು" ಅಂದ. "ಎರಡ್ ಬಾಂಡ್ಲಿ ಮಾಲಿನ್ ಕೆಲ್ಸ. ಎಡಗೈಲೇ ಮಾಡ್ಬೋದಾಗಿತ್ತು. ನಾನ್ ಮುಟ್ಟಿದ್ರೆ ಕೆಡ್ತದೆ ಅಂತ ಬೇರೆಯೋರ್ನ ಕರ್ಸಿ ಮಾಡಿಸ್ದೆ ಕಣಣ್ಣ. ನನ್ ಹೆಂಡ್ರು ನೋಡ್ತಾ ನಿಂತಿದ್ಲು."

ಆಮೇಲೆ ಎಡಗೈಯಿಂದ ನನ್ನ ಕಾಲರ್ ಹಿಡಿದ. ಅಷ್ಟು ಬಲ ಇರುತ್ತದೆ ಅಂತ ಅಂದುಕೊಂಡಿರಲಿಲ್ಲ. ಗುಂಡಿ ಕಿತ್ತುಹೋಯಿತು, ಕತ್ತಿಗೆ ಬಟ್ಟೆ ಬಿಗಿದು ಉಸಿರು ಕಟ್ಟಿತು. ನನ್ನನ್ನು ಬೈಕುಗಳ ಸಾಲಿಗೆ ನೂಕಿದ. ಎರಡು ಮೂರು ಬೈಕು ನನ್ನ ಜೊತೆಗೇ ಉರುಳಿದವು. ಬೆನ್ನಿಗೆ ಹ್ಯಾಂಡಲ್ ಚುಚ್ಚಿತು. ಅವನು ಎದೆಯ ಮೇಲೆ ಮಂಡಿಯೂರಿ, ಮುಖಕ್ಕೆ ಮುಖ ತಂದು, "ಇನ್ನೊಂದ್ ಸಲ ಹೇಳು" ಅಂದ.

"ಸಿದ್ದರಾಜು ಪ್ಲಾಸ್ಟರ್ ಚೆನ್ನಾಗಿತ್ತು" ಅಂದೆ.

"ಜೋರಾಗಿ."

ಜೋರಾಗಿ ಹೇಳಿದೆ. ಟೀ ಅಂಗಡಿಯವರು ಆಚೆ ಬಂದರು. ರೈಲಿಗೆ ಹೊರಟವರು ನಿಂತರು. ಅವನು ಮತ್ತೆ "ಜೋರಾಗಿ" ಅಂದ. ಗಂಟಲು ಹರಿಯುವ ಹಾಗೆ ಕೂಗಿದೆ — ಸಿದ್ದರಾಜು ಪ್ಲಾಸ್ಟರ್ ಚೆನ್ನಾಗಿತ್ತು, ಕೆಟ್ಟದ್ದು ನನ್ನ ಗೋಡೆ. ಅವನ ಕಣ್ಣಲ್ಲಿ ನೀರು ಸುರಿದು ನನ್ನ ಮುಖದ ಮೇಲೆ ಬೀಳುತ್ತಿತ್ತು. ಎದ್ದ. ಬಿದ್ದಿದ್ದ ಬೈಕುಗಳನ್ನು ಒಂದೊಂದಾಗಿ ಎಡಗೈಯಲ್ಲಿ ಎತ್ತಿ ನಿಲ್ಲಿಸಿದ. ಸಹಾಯಕ್ಕೆ ಹೋದರೆ ತಳ್ಳಿದ. ನಾನು ಹೊರಟಾಗ ನನ್ನ ಕಡೆ ನೋಡದೆ ಹೇಳಿದ: "ಇಲ್ಲಿರೋರ್ಗೆ ಕೇಳ್ತು ಅಷ್ಟೆಯ."

ಮೇಡಂ ಮನೆಗೆ ಹೋಗಿ ಅದೇ ಗೋಡೆಯ ಮುಂದೆ ನಿಂತು ಹೇಳಿ ಬಂದೆ. ಅವರು ಬಾಗಿಲು ಹಾಕಿಕೊಂಡರು. ಅರಸೀಕೆರೆಯಲ್ಲಿ ಬೆಳಿಗ್ಗೆ ಗಾರೆಯವರು ಕೂಲಿಗೆ ಕಾಯುವ ಸರ್ಕಲ್ಲಿನಲ್ಲಿ ಮೂರು ದಿನ ನಿಂತು ಹೇಳಿದೆ. ಕೆಲವರು ನಕ್ಕರು, ಒಬ್ಬ ಉಗಿದ. ಬೇಲೂರಿಗೂ ಹಳೇಬೀಡಿಗೂ ಹೋಗುತ್ತೇನೆ. ಅಲ್ಲೂ ನನ್ನ ಮಾತು ಮುಟ್ಟದವರಿಗೆ ಕೇಳಲಿ ಅಂತ ಇದನ್ನು ಬರೆದಿದ್ದೇನೆ. ಓದಿದವರು ಯಾರಾದರೂ ಬಾಣಾವರದಲ್ಲಿ ಬೈಕು ನಿಲ್ಲಿಸಿದರೆ, ಚೀಟಿ ತೆಗೆದುಕೊಳ್ಳುವಾಗ ಅವನಿಗೆ ಹೇಳಿ — ನಿನ್ನ ಪ್ಲಾಸ್ಟರ್ ಚೆನ್ನಾಗಿತ್ತಂತೆ, ಕೇಳಿದೆವು ಅಂತ. ನನ್ನ ಹೆಸರು ಎತ್ತಬೇಡಿ.